ಎಂಟನೇ ತರಗತಿಗೆ ಪ್ರವೇಶ ಪರೀಕ್ಷೆ ಬೇಡ

ದಾವಣಗೆರೆ, ಹರಿಹರಗಳಲ್ಲಿ ಏಳನೇ ತರಗತಿ ಮುಗಿಸುವ ಕ್ಯಾಥೋಲಿಕ್ ಮಕ್ಕಳನ್ನು ಹೈಸ್ಕೂಲಿಗೆ ಅಣಿಗೊಳಿಸುವುದು ಯಾರ ಹೊಣೆ? ಪ್ರವೇಶ ಪರೀಕ್ಷೆ ಇಡುವ ಶಾಲೆ ಆ ಹೊಣೆಯನ್ನು ಮಗುವಿನ ತಲೆಗೆ ಕಟ್ಟುತ್ತದೆ. ಅದು ಶಾಲೆಯದು, ಚರ್ಚಿನದು ಎಂಬುದು ನನ್ನ ವಾದ.

ಕರ್ನಾಟಕದಲ್ಲಿ ಎಂಟನೇ ತರಗತಿಯೆಂದರೆ ಹೈಸ್ಕೂಲು. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅದಿನ್ನೂ ಪ್ರಾಥಮಿಕ ಶಿಕ್ಷಣವೇ. ಮಕ್ಕಳನ್ನು ಜರಡಿ ಹಿಡಿದು ಸೇರಿಸಿಕೊಳ್ಳುವುದನ್ನು ಕಾಯ್ದೆಯ 13ನೇ ಕಲಂ ನಿಷೇಧಿಸುತ್ತದೆ. ಮೊದಲ ತಪ್ಪಿಗೇ 25,000 ರೂಪಾಯಿವರೆಗೆ ದಂಡವಿದೆ. ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸದು ಎಂದು 2014ರಲ್ಲಿ ಪ್ರಮತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಸೆಪ್ಟೆಂಬರ್‌ನಲ್ಲಿ ಅದೇ ಕೋರ್ಟಿನ ದ್ವಿಸದಸ್ಯ ಪೀಠ ಆ ತೀರ್ಪಿನ ಬಗ್ಗೆಯೇ ಸಂದೇಹ ವ್ಯಕ್ತಪಡಿಸಿದೆ. ಅದು ಹೇಗೇ ಇತ್ಯರ್ಥವಾಗಲಿ, ವಿನಾಯಿತಿ ಸಿಕ್ಕಿದ್ದು ನಮ್ಮ ಕ್ಯಾಥೋಲಿಕ್ ಶಾಲೆಗಳ ಸ್ವಂತಿಕೆ ಉಳಿಯಲೆಂದು. ಬಡವರ ಮಗುವನ್ನು ಗೇಟಿನಾಚೆ ನಿಲ್ಲಿಸಲೆಂದಲ್ಲ.

ಆಡಳಿತ ಮಂಡಳಿಗಳ ಭಯ ನನಗೆ ಗೊತ್ತು. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 83.89ರಿಂದ 73.40ಕ್ಕೆ ಕುಸಿಯಿತು, ಅದೂ ಕೃಪಾಂಕ ಕೊಟ್ಟ ಮೇಲೆ. ಹಾಗಾಗಿ ದಡ್ಡರೆನಿಸಿದವರನ್ನು ಮೊದಲೇ ಕಳಚಿಕೊಳ್ಳುವ ಆತುರ.

ಅವರು ದಡ್ಡರೇ? ಕನ್ನಡ ಮಾಧ್ಯಮದಿಂದ ಬಂದ ಹುಡುಗಿಯ ಮುಂದೆ ಮುಕ್ಕಾಲಿಗೆ ಅರೆಕಾಲು ಕೂಡಿಸುವ ಲೆಕ್ಕ ಇಡಿ, ಛೇದ ಸಮ ಮಾಡಿ ಥಟ್ಟನೆ ಉತ್ತರ ಬರೆಯುತ್ತಾಳೆ. ಅದೇ ಲೆಕ್ಕವನ್ನು ನಾಲ್ಕು ಸಾಲಿನ ಇಂಗ್ಲಿಷಿನಲ್ಲಿ ಕೊಡಿ, ಪೆನ್ನು ಹಿಡಿದು ಸುಮ್ಮನೆ ಕೂರುತ್ತಾಳೆ. ಅವಳಿಗೆ ಗಣಿತ ಬರುತ್ತದೆ, ಓದಿ ಅರ್ಥ ಮಾಡಿಕೊಳ್ಳಲು ಸಮಯ ಬೇಕು. ಪ್ರವೇಶ ಪರೀಕ್ಷೆಗೆ ಅದು ಕಾಣುವುದೇ ಇಲ್ಲ.

ಜೂನ್‌ನಲ್ಲಿ ನಡೆಸುವ ಸೇತುಬಂಧ ಪಾಠಗಳ ಒಂದಷ್ಟು ದಿನ ಈ ಕೊರತೆ ತುಂಬಲು ಸಾಲದು. ಆರನೇ ತರಗತಿಯಿಂದಲೇ ತಯಾರಿ ಶುರುವಾಗಬೇಕು. ಭಾನುವಾರ ಪೂಜೆ ಮುಗಿದು ಧರ್ಮೋಪದೇಶಕ್ಕೆ ಕೂರುವ ಮಕ್ಕಳಿಗೆ ಇನ್ನೊಂದು ಗಂಟೆ ಓದು, ಲೆಕ್ಕ ಹೇಳಿಕೊಟ್ಟರೆ ಚರ್ಚಿಗೇನು ನಷ್ಟ? ನಿವೃತ್ತ ಶಿಕ್ಷಕರು, ಸಿಸ್ಟರ್‌ಗಳು ಇದ್ದಾರೆ. ಆರೋಗ್ಯ ಮಾತೆಯ ಹಬ್ಬಕ್ಕೆ ಸೆಪ್ಟೆಂಬರ್ 8ರಂದು ಹರಿಹರಕ್ಕೆ ಜಾತಿ, ಮತ ನೋಡದೆ ಜನ ಬರುತ್ತಾರೆ. ಈ ತರಗತಿಗೂ ಹಾಗೆಯೇ ಎಲ್ಲ ಮಕ್ಕಳು ಬರಲಿ. ಬಡವರ, ಆಸರೆಯಿಲ್ಲದವರ ಶಿಕ್ಷಣಕ್ಕೆ ವಿಶೇಷ ಕಾಳಜಿ ಬೇಕೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿದೆ.

ದಾವಣಗೆರೆ, ಹರಿಹರಗಳೂ ಸೇರಿದ ಶಿವಮೊಗ್ಗ ಧರ್ಮಪ್ರಾಂತ್ಯದ ಮುಂದೆ ನನ್ನ ಬೇಡಿಕೆ ಎರಡು. ತನ್ನ ವ್ಯಾಪ್ತಿಯ ಯಾವ ಶಾಲೆಯಲ್ಲೂ ಎಂಟನೇ ತರಗತಿಗೆ ಪ್ರವೇಶ ಪರೀಕ್ಷೆ ಇರಕೂಡದೆಂದು ಮುಂದಿನ ದಾಖಲಾತಿಗೆ ಮುಂಚೆ ಸುತ್ತೋಲೆ ಹೊರಡಿಸಲಿ. ನೂರಕ್ಕೆ ನೂರು ಫಲಿತಾಂಶದ ಫ್ಲೆಕ್ಸ್ ಕಟ್ಟುವ ಶಾಲೆ, ಎಂಟಕ್ಕೆ ಸೇರಿದವರಲ್ಲಿ ಎಷ್ಟು ಮಂದಿ ಅಲ್ಲೇ ಎಸ್ಸೆಸ್ಸೆಲ್ಸಿಗೆ ಕೂತರು ಎಂಬುದನ್ನೂ ಅದೇ ಫ್ಲೆಕ್ಸಿನಲ್ಲಿ ಬರೆಯಲಿ.