ಖಾಡಿಯ ಹೂಳಿನ ಲೆಕ್ಕ ಕೇಳೋಣ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ಕನ್ನಡ ಬಂಧುಗಳೇ,

ಇಳಿತದ ಹೊತ್ತಿಗೆ ಠಾಣೆ ಖಾಡಿಯ ದಡದ ಐರೋಲಿಯಲ್ಲಿ ಕಾಂಡ್ಲಾ ಗಿಡಗಳ ಅಂಚಿಗೆ ಒಂದು ಕೋಲನ್ನು ಕೆಸರಿಗೆ ಚುಚ್ಚಿ ಎತ್ತಿ ನೋಡಿ. ಮೇಲೆ ತೆಳ್ಳಗೆ ಕಂದು ಪದರ. ಅದರ ಕೆಳಗೆಲ್ಲ ಕಾಡಿಗೆಯಂಥ ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಲೋಕಲ್ ಟ್ರೇನಿನಲ್ಲಿ ವಾಶಿ ಸೇತುವೆ ದಾಟುವಾಗ ನಾವು ಮೂಗು ಮುಚ್ಚಿಕೊಳ್ಳುವುದು ಇದಕ್ಕೇ. ಆ ವಾಸನೆ ಯಾರ ದುಡಿಮೆಯದು ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 2.7 ಗ್ರಾಂ ಸಲ್ಫೇಟ್ ಇರುತ್ತದೆ. ಆಮ್ಲಜನಕ ತಲುಪದ ಕೆಸರಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಉಸಿರಾಡುವುದು ಆ ಸಲ್ಫೇಟಿನಿಂದಲೇ. ಕರಾವಳಿಯ ತಳದಲ್ಲಿ ಕೊಳೆಯುವ ಜೈವಿಕ ವಸ್ತುವಿನಲ್ಲಿ ಅರ್ಧದಷ್ಟನ್ನು ಇವೇ ಅರಗಿಸಬಲ್ಲವು ಎಂದು ಡೆನ್ಮಾರ್ಕಿನ ವಿಜ್ಞಾನಿ ಬೋ ಬಾರ್ಕರ್ ಯೋರ್ಗೆನ್ಸನ್ 1982ರಲ್ಲೇ ತೋರಿಸಿದರು. ಇವು ಹೊರಬಿಡುವ ಹೈಡ್ರೋಜನ್ ಸಲ್ಫೈಡ್ ಕಬ್ಬಿಣದೊಂದಿಗೆ ಕೂಡಿ ಕೆಸರನ್ನು ಕಪ್ಪಾಗಿಸುತ್ತದೆ. ಸೀಸ, ಸತು, ತಾಮ್ರ, ಕ್ಯಾಡ್ಮಿಯಂ ಸಿಕ್ಕರೆ ಅವನ್ನೂ ಹಿಡಿದು, ಕರಗದಂತೆ ಕಟ್ಟಿಹಾಕುತ್ತದೆ. ನಾವು ಹರಿಯಬಿಟ್ಟ ವಿಷಲೋಹದಲ್ಲಿ ಸಾಕಷ್ಟನ್ನು ಈ ಕಣ್ಣಿಗೆ ಕಾಣದ ಜೀವಿಗಳು ಕೂಲಿಯಿಲ್ಲದೆ ಕಾಯುತ್ತಿವೆ.

ಪಾದರಸದ ಮಾತು ಬೇರೆ. ಅದರಲ್ಲೂ ಹೆಚ್ಚಿನದು ಸಲ್ಫೈಡಿಗೆ ಕಟ್ಟುಬೀಳುತ್ತದೆ. ಆದರೆ ಇದೇ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಒಂದಿಷ್ಟು ಪಾದರಸವನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಅದು ಹುಳದಿಂದ ಸಣ್ಣ ಮೀನಿಗೆ, ಸಣ್ಣದರಿಂದ ದೊಡ್ಡದಕ್ಕೆ, ಕೊನೆಗೆ ಬಸುರಿಯ ತಟ್ಟೆಗೆ ಏರುತ್ತ ಹೋಗುತ್ತದೆ. 1956ರಲ್ಲಿ ಜಪಾನಿನ ಮಿನಮಾತಾದಲ್ಲಿ ಬೆಳಕಿಗೆ ಬಂದ ಕಾಯಿಲೆಗೆ ಕಾರಣ ಈ ಮೀಥೈಲ್ ಪಾದರಸವೇ. ನಮ್ಮ ಖಾಡಿಯಲ್ಲಿ ಪಾದರಸವಿದೆಯೇ? ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಝಿಂಗ್ಡೆ ಮತ್ತು ದೇಸಾಯಿ ಠಾಣೆ ಖಾಡಿಯ ಪಾದರಸದ ಬಗ್ಗೆ 1981ರಲ್ಲೇ ಬರೆದರು. 2003ರಲ್ಲಿ ಅನಿರುದ್ಧ ರಾಮ್ ಮತ್ತು ಸಂಗಡಿಗರು ಪಕ್ಕದ ಉಲ್ಹಾಸ್ ನದಿಯ ಅಳಿವೆಯ ಹೂಳಿನಲ್ಲಿರುವ ಪಾದರಸದ ಅಧ್ಯಯನ ಪ್ರಕಟಿಸಿದರು. ವಿಜ್ಞಾನಿಗಳು ತಮ್ಮ ಕೆಲಸ ಮಾಡಿದ್ದಾರೆ. ನಾವು ಓದಲಿಲ್ಲ.

ಕಾರ್ಖಾನೆಗಳ ತ್ಯಾಜ್ಯದಿಂದ 2017ರಲ್ಲಿ ತಳೋಜಾದ ಬೀದಿನಾಯಿಗಳು ನೀಲಿಯಾದಾಗ, 2020ರಲ್ಲಿ ಡೊಂಬಿವಲಿ ಕೈಗಾರಿಕಾ ಪ್ರದೇಶದ (ಎಂಐಡಿಸಿ) ರಸ್ತೆ ಗುಲಾಬಿಯಾದಾಗ ನಾವೆಲ್ಲ ಫೋಟೋ ನೋಡಿ ಹೌಹಾರಿದೆವು. ಬಣ್ಣ ತೊಳೆದುಹೋಯಿತು, ಸುದ್ದಿಯೂ ಹೋಯಿತು. ಬಣ್ಣವಿಲ್ಲದ ಲೋಹ ಎಲ್ಲಿಗೂ ಹೋಗುವುದಿಲ್ಲ, ತಳದಲ್ಲಿ ಪದರ ಪದರವಾಗಿ ಕೂರುತ್ತದೆ. ಕೊಳವೆ ಇಳಿಸಿ ಹೂಳನ್ನು ಎತ್ತಿ, ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಸೀಸ-210ರ ಅಳತೆಯಿಂದ ಯಾವ ಪದರ ಯಾವ ಕಾಲದ್ದೆಂದು ಹೇಳಬಹುದು. ಯಾವ ದಶಕದಲ್ಲಿ ಎಷ್ಟು ಸುರಿದೆವು ಎಂಬುದಕ್ಕೆ ಅಲ್ಲಿ ಸಾಕ್ಷಿಯಿದೆ.

ನನ್ನ ನಿದ್ದೆ ಕೆಡಿಸಿರುವುದು ಇನ್ನೊಂದು ಸಂಗತಿ. ಆ ಕಪ್ಪು ಕೆಸರನ್ನು ಕದಡಿದರೆ ಆಮ್ಲಜನಕ ಒಳನುಗ್ಗುತ್ತದೆ, ಸಲ್ಫೈಡ್ ಒಡೆಯುತ್ತದೆ, ಕಟ್ಟಿಹಾಕಿದ್ದ ಲೋಹ ಮತ್ತೆ ನೀರಿಗಿಳಿಯುತ್ತದೆ. ಕಲ್ಯಾಣ-ಠಾಣೆ-ಮುಂಬಯಿ ಜಲಮಾರ್ಗವನ್ನು 2016ರಲ್ಲಿ ರಾಷ್ಟ್ರೀಯ ಜಲಮಾರ್ಗ 53 ಎಂದು ಘೋಷಿಸಲಾಗಿದೆ. ದೋಣಿ ಓಡಲಿ, ರಸ್ತೆಯ ಟ್ರಾಫಿಕ್ ಇಳಿಯಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹೂಳೆತ್ತುವ ಮೊದಲು, ಸೇತುವೆಯ ಕಂಬ ಇಳಿಸುವ ಮೊದಲು, ಆ ಜಾಗದ ಹೂಳನ್ನು ಪರೀಕ್ಷಿಸಿ ಫಲಿತಾಂಶವನ್ನು ಜನರ ಮುಂದಿಡಬೇಕು. ಠಾಣೆ ಖಾಡಿ 2015ರಿಂದ ಫ್ಲೆಮಿಂಗೋ ಅಭಯಾರಣ್ಯ, 2022ರಿಂದ ರಾಮ್‌ಸಾರ್ ತಾಣ. ಆ ಹಕ್ಕಿಗಳು ಕೊಕ್ಕಿನಿಂದ ಸೋಸಿ ತಿನ್ನುವುದು ಇದೇ ಕೆಸರಿನ ಪಾಚಿಯನ್ನು.

ಈಗ ನಮ್ಮವರಿಗೇ ನೇರವಾಗಿ ಒಂದು ಮಾತು. ಈ ಕಾರ್ಖಾನೆಗಳಲ್ಲಿ ಕೆಮಿಸ್ಟ್, ಸೂಪರ್‌ವೈಸರ್, ಅಕೌಂಟೆಂಟ್ ಆಗಿ ಬದುಕು ಕಟ್ಟಿಕೊಂಡ ಕನ್ನಡಿಗರು ಕಡಿಮೆಯಿಲ್ಲ. ಸಂಸ್ಕರಿಸದ ನೀರು ರಾತ್ರಿ ಪಾಳಿಯಲ್ಲಿ ನಾಲಾಕ್ಕೆ ಹೋದರೆ ಅದು ಮೊದಲು ಗೊತ್ತಾಗುವುದು ಒಳಗಿದ್ದವರಿಗೇ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ನೀವು ಬಾಯಿ ಮುಚ್ಚಿಕೊಂಡಿರಬಹುದು. ನಾವು ಉಂಡ ಮನೆ ಕಾರ್ಖಾನೆ ಮಾತ್ರವೇ? ಊರು ಬಿಟ್ಟು ಬಂದ ನಮ್ಮ ಹಿರಿಯರಿಗೆ ಜಾಗ ಕೊಟ್ಟದ್ದು ಈ ನೆಲ. ಇಳಿತದಲ್ಲಿ ಮೊಣಕಾಲುದ್ದದ ಕೆಸರಿಗಿಳಿದು ನಿವ್ಟಿ ಮೀನು, ಏಡಿ ಹಿಡಿಯುವ ಕೋಳಿ ಸಮುದಾಯದ ಮೀನುಗಾರರು ನಮಗಿಂತ ಮೊದಲಿನಿಂದ ಇಲ್ಲಿದ್ದವರು. ಅವರ ಮಕ್ಕಳು ಉಣ್ಣುವುದರಲ್ಲಿ ವಿಷವಿದೆಯೇ ಎಂದು ಕೇಳುವುದು ದ್ರೋಹ ಹೇಗಾದೀತು?

ಕೆಲಸ ಕಳೆದುಕೊಳ್ಳಿ ಎಂದು ಯಾರಿಗೂ ಹೇಳುತ್ತಿಲ್ಲ. ತಪ್ಪು ಕೆಲಸಕ್ಕೆ ಸಹಿ ಹಾಕಬೇಡಿ. ನಿವೃತ್ತರಾದವರು ಬಾಯಿಬಿಟ್ಟು ಹೇಳಿ, ನಿಮಗಿನ್ನು ಯಾರ ಭಯ? ನಮ್ಮ ಸಂಘಗಳು ವಾರ್ಷಿಕೋತ್ಸವದ ವೇದಿಕೆಗೆ ಒಮ್ಮೆಯಾದರೂ ಸಮುದ್ರ ವಿಜ್ಞಾನಿಯೊಬ್ಬರನ್ನು ಕರೆಸಲಿ.

ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗಳು ಕಲ್ಯಾಣ, ಠಾಣೆ, ನವಿಮುಂಬಯಿ ಮೂರೂ ಕಡೆ ಇವೆ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಮೂರು ಕಚೇರಿಗೂ ಅರ್ಜಿ ಹಾಕೋಣ: ಖಾಡಿಯ ಹೂಳನ್ನು ಕೊನೆಯದಾಗಿ ಪರೀಕ್ಷಿಸಿದ್ದು ಯಾವಾಗ, ಎಲ್ಲೆಲ್ಲಿ, ಪಾದರಸ ಎಷ್ಟಿತ್ತು, ಮೀನಿನಲ್ಲಿ ಎಷ್ಟಿತ್ತು, ಸಂಸ್ಕರಣಾ ಘಟಕಗಳಿಂದ ಹೊರಬೀಳುವ ನೀರಿನಲ್ಲಿ ಯಾವ ಲೋಹ ಎಷ್ಟಿದೆ? ಅರ್ಜಿ ಮರಾಠಿಯಲ್ಲಿರಲಿ. ಕೊಡುವ ಮೊದಲು ಹತ್ತಿರದ ಕೋಳಿವಾಡಕ್ಕೆ, ಆ ಮೀನುಗಾರರ ಕೇರಿಗೆ, ಹೋಗಿ ಓದಿ ಹೇಳಿ, ಅವರು ಕೇಳಬೇಕೆಂದಿರುವುದನ್ನೂ ಅದರಲ್ಲಿ ಸೇರಿಸಿ.