ಬೆಳ್ಳಿಹಬ್ಬ ಯಾರದು?

ಧಾರವಾಡದಲ್ಲಿ ಬಿ.ಎಸ್‌ಸಿ. ಮುಗಿಸಿ 2001ರಲ್ಲಿ ಹೊರಬಿದ್ದ ನಮ್ಮ ತಂಡಕ್ಕೆ 2026ಕ್ಕೆ 25 ವರ್ಷ ತುಂಬುತ್ತದೆ. ಸಹಪಾಠಿಗಳ ಸಮ್ಮಿಲನಕ್ಕೆ ಸಿದ್ಧತೆ ನಡೆದಿದೆ. ಸಂತೋಷದ ಸಂಗತಿಯೇ. ಆದರೆ ಬಂದ ಕರೆಯೋಲೆಯನ್ನು ನೋಡಿದ ಮೇಲೆ ಸುಮ್ಮನಿರಲಾರದೆ ಈ ನಾಲ್ಕು ಮಾತು ಬರೆಯುತ್ತಿದ್ದೇವೆ. ಮುಂಬಯಿಯ ಎಷ್ಟೋ ಕನ್ನಡಿಗರ ಮನೆಗೆ ಇಂಥ ಓಲೆ ಇಂದಲ್ಲ ನಾಳೆ ಬರುವಂಥದೇ.

ತಲೆಗೆ 7,500 ರೂಪಾಯಿ ವಂತಿಗೆ. ಸ್ಥಳ, ಊರ ಹೊರಗಿನ ರೆಸಾರ್ಟು. ದಿನ, ಅಮೆರಿಕದಿಂದ ಬರುವವರಿಗೆ ಅನುಕೂಲವಾದ ಬುಧವಾರ ಮತ್ತು ಗುರುವಾರ. ಕೇಂದ್ರ ಸರ್ಕಾರದ ನೌಕರನಿಗೆ ವರ್ಷಕ್ಕೆ ಸಾಂದರ್ಭಿಕ ರಜೆ 8 ದಿನ ಎಂಬುದು ಅವರಿಗೆ ನೆನಪಾಗಲಿಲ್ಲ. ಅದೂ ಹೋಗಲಿ. ಹೆಸರಿನ ಮುಂದೆ ಹುದ್ದೆ, ಕಂಪನಿ ಎಂದು ಎರಡು ಅಂಕಣಗಳು ಬೇರೆ!

ಆ ಅಂಕಣಗಳಲ್ಲಿ ನಮ್ಮವರು ಏನು ಬರೆಯಬೇಕು? 2001 ಎಂದರೆ ಕಂಪ್ಯೂಟರ್ ಕಂಪನಿಗಳ ಭರಾಟೆ ತಗ್ಗಿದ ವರ್ಷ. ಮನೆಯಲ್ಲಿ ದುಡ್ಡಿದ್ದವರು ಎಂ.ಸಿ.ಎ. ಮಾಡಿ, ಕಾಲ ಕಾದು, ದಡ ಸೇರಿದರು. ಉಳಿದವರು ಬಿ.ಎಡ್. ಮಾಡಿ ಮಾಸ್ತರರಾದರು, ಔಷಧ ಕಂಪನಿಯ ಚೀಲ ಹೊತ್ತರು, ಹೊಲಕ್ಕೆ ಮರಳಿದರು. ಪರೀಕ್ಷೆ ಬರೆದು ನಮ್ಮಂತೆ ಕಾರಕೂನರಾದರು. ಪ್ರಯೋಗಶಾಲೆಯಲ್ಲಿ ಒಂದೇ ಬ್ಯುರೆಟ್ಟಿನ ಹನಿ ಎಣಿಸಿದವರು ಇವರೆಲ್ಲ. ಯಾರ ಜರ್ನಲ್ ನೋಡಿ ಯಾರು ಬರೆದರೆಂಬುದು ಎಲ್ಲರಿಗೂ ಗೊತ್ತು.

ಹೆಣ್ಣುಮಕ್ಕಳ ಸಂಗತಿಯಂತೂ ಕೇಳಲೇ ಬೇಡಿ. ಮದುವೆಯಾಗಿ ಅಡ್ಡಹೆಸರು ಬದಲಾಗಿದೆ, ‘ಸಿಗಲಿಲ್ಲ’ ಎಂದು ಕೈಬಿಟ್ಟಿದ್ದಾರೆ. ಹುಡುಕಿದ್ದರೆ ತಾನೆ ಸಿಗುವುದು? ತವರಿನ ವಿಳಾಸ ಕಾಲೇಜಿನ ದಾಖಲೆ ಪುಸ್ತಕದಲ್ಲಿದೆ. ಒಂದು ಪೋಸ್ಟ್‌ಕಾರ್ಡಿನ ಕೆಲಸ.

“ಕಷ್ಟಪಟ್ಟು ಮೇಲೆ ಬಂದವರು ನಾಲ್ಕು ಜನರ ಮುಂದೆ ಹೇಳಿಕೊಂಡರೆ ನಿಮಗೇಕೆ ಹೊಟ್ಟೆಕಿಚ್ಚು?” ಎನ್ನುವವರಿದ್ದಾರೆ. ಹೇಳಿಕೊಳ್ಳಲಿ, ಕೇಳಿ ಹೆಮ್ಮೆಪಡುತ್ತೇವೆ. ಆದರೆ ಕೇಳಬೇಕಾದ ಗೆಳೆಯನನ್ನೇ ಬಾಗಿಲಾಚೆ ನಿಲ್ಲಿಸಿ ಹೇಳುವುದು ಯಾರಿಗೆ?

ನಮ್ಮ ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಹುಟ್ಟಿದ್ದು ಇದೇ ಮುಂಬಯಿಯಲ್ಲಿ. ಮರುವರ್ಷ ಧಾರವಾಡಕ್ಕೆ ಹೋಯಿತು. ಅದಕ್ಕೆ ಮೊದಲು ಆ ಭಾಗದ ಕಾಲೇಜುಗಳೆಲ್ಲ ಮುಂಬಯಿ ವಿಶ್ವವಿದ್ಯಾಲಯದ ಕೆಳಗಿದ್ದವು. ಓದು ಮನೆಯ ಹತ್ತಿರಕ್ಕೆ ಬಂದಿದ್ದರಿಂದಲೇ ನಮ್ಮಂಥ ರೈತರ, ಮಾಸ್ತರರ ಮಕ್ಕಳು ಪದವಿ ಕಂಡದ್ದು. ಹಾಗೆ ತೆರೆದ ಬಾಗಿಲಿಂದ ಒಳಬಂದವರೇ ಇಂದು ಬಾಗಿಲಿಗೆ ವಂತಿಗೆಯ ಬೀಗ ಹಾಕುವುದೆ?

ನಮ್ಮ ಸೂಚನೆ ಇಷ್ಟೆ. ಭಾನುವಾರ ಸೇರೋಣ. ಕಾಲೇಜಿನ ಕೊಠಡಿಯನ್ನೇ ಕೇಳೋಣ, ಅದೇ ಬೆಂಚುಗಳ ಮೇಲೆ ಕೂರೋಣ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಸಾಕು. 300 ರೂಪಾಯಿ ವಂತಿಗೆ ಇಡೋಣ. ಉಳ್ಳವರು ಹೆಚ್ಚು ಕೊಡಲಿ, ಆದರೆ ಎಷ್ಟೆಂದು ಫಲಕದ ಮೇಲೆ ಬರೆಯುವುದು ಬೇಡ. ಹುದ್ದೆಯ ಅಂಕಣ ಅಳಿಸಿ ಊರಿನ ಹೆಸರು ಬರೆಯಿರಿ. ತೀರಿಕೊಂಡವರ ಹೆಸರುಗಳನ್ನು ಮೊದಲು ಓದಿ. ಪ್ರಯೋಗಶಾಲೆಯ ಜವಾನರನ್ನೂ ಮೆಸ್ಸಿನ ಅಡುಗೆಯವರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿ.

ಇದಕ್ಕೆ ಒಪ್ಪದಿದ್ದರೆ ನಿಮ್ಮ ಹಬ್ಬ ನೀವು ಮಾಡಿಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಅದಕ್ಕೆ ಬೇರೆ ಹೆಸರಿಡಿ. ಸಹಪಾಠಿಗಳ ಸಮ್ಮಿಲನ ಎನ್ನಬೇಡಿ.