ತನ್ನ ಟ್ರ್ಯಾಕ್ಟರಿಗೆ ತನ್ನದೇ ಆರೈಕೆ

‘ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಲು ನಾವು ಪ್ರತಿವರ್ಷವೂ ತರಗತಿಯಲ್ಲಿ ಕೊಡುತ್ತೇವೆ. ಮಕ್ಕಳು ಎರಡು ಪುಟ ಚೆನ್ನಾಗಿಯೇ ಬರೆಯುತ್ತಾರೆ. ಆದರೆ ಅದರ ನಿಜವಾದ ಅರ್ಥ ನಮಗೆ ಹೊಳೆದದ್ದು ತರಗತಿಯಲ್ಲಲ್ಲ. ದಸರಾ ರಜೆಯಲ್ಲಿ ಹುಟ್ಟೂರಿಗೆ ಹೋಗಿದ್ದಾಗ, ಕೆಟ್ಟು ನಿಂತ ಒಂದು ಪುಟ್ಟ ಟ್ರ್ಯಾಕ್ಟರಿನ ಎದುರು.

ನಮ್ಮ ಹುಟ್ಟೂರು ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿರುವ ಹನುಮಂತನಪಟ್ಟಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. 1895ರಲ್ಲಿ ಪೂರ್ಣವಾದ ಪೆರಿಯಾರ್ ಅಣೆಕಟ್ಟಿನ ನೀರು ಬೆಟ್ಟದ ಸುರಂಗದಿಂದ ಇಳಿದು ಬಂದು ಈ ಕಣಿವೆಯ ಗದ್ದೆಗಳಿಗೆ ಎರಡು ಬೆಳೆ ಕೊಟ್ಟಿದೆ. ಗದ್ದೆ ಬಿಟ್ಟರೆ ದ್ರಾಕ್ಷಿ. ಕಂಬಂ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ದ್ರಾಕ್ಷಿ ಚಪ್ಪರದ ಕಂಬಗಳ ನಡುವೆ ದೊಡ್ಡ ಟ್ರ್ಯಾಕ್ಟರು ನುಗ್ಗಲಾರದು. ಹದಿನೆಂಟು ಇಪ್ಪತ್ತು ಅಶ್ವಶಕ್ತಿಯ ಸಣ್ಣ ಟ್ರ್ಯಾಕ್ಟರೇ ಅಲ್ಲಿ ಸರಿ. ನಮ್ಮ ಅಣ್ಣನೂ ಸಾಲ ಮಾಡಿ ಅಂಥದೊಂದನ್ನು ಕೊಂಡಿದ್ದರು.

ಆಯುಧಪೂಜೆಯ ದಿನ ಆ ಟ್ರ್ಯಾಕ್ಟರನ್ನು ತೊಳೆದೆವು. ವಿಭೂತಿ ಬಳಿದು, ಬಾಳೆಕಂದು ಕಟ್ಟಿ, ಚಕ್ರದಡಿ ನಿಂಬೆಹಣ್ಣು ಇಟ್ಟೆವು. ಮುಂಭಾಗದ ಜಾಲರಿಗೆ ಅಂಗೈಯಗಲ ಕುಂಕುಮವನ್ನೂ ಇಟ್ಟೆವು. ಮೂರನೆಯ ದಿನ ಚಪ್ಪರದ ಕೆಳಗೆ ಉಳುತ್ತಿರುವಾಗಲೇ ಎಂಜಿನ್ ಕಾದು, ಹಬೆ ಉಗುಳಿ ನಿಂತುಬಿಟ್ಟಿತು. ಮೆಕ್ಯಾನಿಕ್ ಬರಲು ಎರಡು ದಿನವಾಯಿತು. ಅವರು ಜಾಲರಿ ತೆಗೆದು ನೋಡಿದರೆ, ರೇಡಿಯೇಟರಿನ ಸಂದುಗಳಲ್ಲಿ ಒಣಗಿದ ಎಲೆ, ಧೂಳು ಗಟ್ಟಿಯಾಗಿ ಕೂತಿತ್ತು. ನೀರು ಅರ್ಧಕ್ಕೆ ಇಳಿದಿತ್ತು. ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು. “ನೀರನ್ನು ಕೊನೆಗೆ ನೋಡಿದ್ದು ಯಾವಾಗ?” ಎಂದು ಅವರು ಕೇಳಿದರು. ಮನೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಕುಂಕುಮ ಇಟ್ಟ ಕೈಯೇ ಜಾಲರಿಯ ಹಿಂದೆ ಒಮ್ಮೆ ಇಣುಕಿದ್ದರೆ ಆ ತಿಂಗಳ ಸಾಲದ ಕಂತು ಉಳಿಯುತ್ತಿತ್ತು.

ನಮ್ಮ ತಂದೆಯ ಕಾಲದಲ್ಲಿ ಹೀಗಿರಲಿಲ್ಲ. ಬೆಳಗಾದರೆ ಅವರು ಮೊದಲು ಹೋಗುತ್ತಿದ್ದುದು ಕೊಟ್ಟಿಗೆಗೆ. ಎತ್ತಿನ ಗೊರಸು, ನಾಲಿಗೆ, ಸಗಣಿ ನೋಡಿದ ಮೇಲೆಯೇ ಕಾಫಿ. ಕಂಬಂ ಊರಿನ ನಂದಗೋಪಾಲಸ್ವಾಮಿ ದೇಗುಲದಲ್ಲಿ ಇಂದಿಗೂ ದನಗಳನ್ನೇ ದೇವರೆಂದು ಸಾಕುವ ಸಮುದಾಯದವರು ಕನ್ನಡ ಮನೆಮಾತಿನವರು. ಎತ್ತಿಗೆ ಹಸಿವಾದರೆ ಕೂಗುತ್ತದೆ, ಕಾಲು ನೊಂದರೆ ಕುಂಟುತ್ತದೆ. ಯಂತ್ರ ಕೂಗುವ ಹೊತ್ತಿಗೆ ಕೇಡು ಆಗಿಹೋಗಿರುತ್ತದೆ. ಆದ್ದರಿಂದ ಎತ್ತಿಗಿಂತ ಯಂತ್ರಕ್ಕೇ ಹೆಚ್ಚು ಕಣ್ಣು ಬೇಕು ಎಂಬುದು ನಮ್ಮ ಅಭಿಪ್ರಾಯ.

ಇದಕ್ಕೆ ದೊಡ್ಡ ವಿದ್ಯೆಯೇನೂ ಬೇಡ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ, ಸಮನೆಲದಲ್ಲಿ ನಿಲ್ಲಿಸಿ ಆಯಿಲ್ ಕಡ್ಡಿಯನ್ನು ತೆಗೆದು, ಒರೆಸಿ, ಮತ್ತೆ ಅದ್ದಿ ನೋಡಬೇಕು. ಎರಡು ಗೆರೆಗಳ ನಡುವೆ ಎಣ್ಣೆ ಇರಬೇಕು. ರೇಡಿಯೇಟರ್ ನೀರು ನೋಡಬೇಕು. ಬಿಸಿಯಿರುವಾಗ ಮುಚ್ಚಳ ತೆಗೆಯಲೇಬಾರದು. ಜಾಲರಿಯ ಕಸ ತೆಗೆಯಬೇಕು. ಧೂಳಿನ ಕೆಲಸ ಮಾಡಿದ ದಿನ ಏರ್ ಕ್ಲೀನರ್ ನೋಡಬೇಕು, ಏಕೆಂದರೆ ಒಳಗೆ ಹೋದ ಧೂಳು ಸಿಲಿಂಡರನ್ನು ಉಜ್ಜುಕಾಗದದಂತೆ ತೇಯುತ್ತದೆ. ಕೆಸರುಗದ್ದೆಯಿಂದ ಬಂದರೆ ತೊಳೆದು, ಗ್ರೀಸ್ ಹೊಡೆಯಬೇಕು. ಹೊಸ ಗ್ರೀಸು ಒಳಗಿನ ಕೆಸರುನೀರನ್ನು ಹೊರಕ್ಕೆ ತಳ್ಳುತ್ತದೆ. ಎಲ್ಲಕ್ಕೂ ಸೇರಿ ಕಾಲು ಗಂಟೆ ಸಾಕು. ಕೈಯಿಟ್ಟು ಮಾಡುವ ಕೆಲಸಕ್ಕೆ ಮೊದಲು ಎಂಜಿನ್ ನಿಲ್ಲಿಸಿ, ನೇಗಿಲನ್ನು ನೆಲಕ್ಕಿಳಿಸಿ, ಬ್ರೇಕ್ ಹಾಕಿ, ಹೆಗಲ ಮೇಲಿನ ಟವಲನ್ನು ತೆಗೆದಿಡುವುದನ್ನು ಮರೆಯಬಾರದು. ಬದಲಾಯಿಸಿದ ಹಳೆಯ ಎಣ್ಣೆಯನ್ನು ಡಬ್ಬಿಯಲ್ಲಿ ಕೂಡಿಡಬೇಕು, ಕಾಲುವೆಗೆ ಸುರಿಯಬಾರದು. ಅದೇ ನೀರನ್ನು ದನಕರುಗಳು ಕುಡಿಯುತ್ತವೆ.

“ಹಾಗಾದರೆ ಮೆಕ್ಯಾನಿಕ್ ಏಕೆ?” ಎಂದು ಕೆಲವರು ಕೇಳಬಹುದು. ಡೀಸೆಲ್ ಪಂಪು, ಹೈಡ್ರಾಲಿಕ್, ಗೇರುಪೆಟ್ಟಿಗೆಗಳನ್ನು ಬಿಚ್ಚುವುದು ಬಲ್ಲವರ ಕೆಲಸ. ವಾರಂಟಿ ಇರುವವರೆಗೆ ಕಂಪನಿಯ ಸರ್ವಿಸನ್ನೂ ತಪ್ಪಿಸಬಾರದು. ಹಲ್ಲು ಕೀಳಲು ವೈದ್ಯರು ಬೇಕು, ಹಲ್ಲುಜ್ಜಲು ಬೇಡವಲ್ಲ!

ಕನ್ನಡ ಮೇಷ್ಟರಿಗೆ ಎಂಜಿನ್ ಉಸಾಬರಿ ಏಕೆ ಎಂದೂ ಕೇಳಬಹುದು. ಇದು ಓದು ಬರಹದ ವಿಷಯವೂ ಹೌದು. ಅಣ್ಣನ ಟ್ರ್ಯಾಕ್ಟರಿನ ಜೊತೆ ಬಂದ ಪುಸ್ತಕ ಪ್ಲಾಸ್ಟಿಕ್ ಚೀಲವನ್ನೂ ಬಿಚ್ಚದೆ ದೇವರ ಗೂಡಿನಲ್ಲಿತ್ತು. ಅದು ಇಂಗ್ಲಿಷಿನಲ್ಲಿತ್ತು. ಆ ರಾತ್ರಿ ನಾವಿಬ್ಬರೂ ಕೂತು ಓದಿದೆವು. ಮೀಟರಿನಲ್ಲಿ ಎಷ್ಟು ಗಂಟೆ ಓಡಿದಾಗ ಎಣ್ಣೆ ಬದಲಿಸಬೇಕು, ಯಾವಾಗ ಫಿಲ್ಟರ್, ಎಲ್ಲೆಲ್ಲಿ ಗ್ರೀಸ್ ಎಂಬುದೆಲ್ಲ ಅದರಲ್ಲೇ ಇತ್ತು. ಒಂದು ಹಾಳೆಯಲ್ಲಿ ಬರೆದು ಶೆಡ್ಡಿನ ಗೋಡೆಗೆ ಅಂಟಿಸಿದೆವು. ಅಣ್ಣನಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ಆದ್ದರಿಂದ ತಮಿಳಿನಲ್ಲೇ ಬರೆದೆವು. ಅದರಿಂದ ನಮ್ಮ ಕನ್ನಡಕ್ಕೇನೂ ಕುಂದಾಗಲಿಲ್ಲ. ಮುಂದಿನ ರಜೆಗೆ ಹೋದಾಗ ಆ ಹಾಳೆಯ ತುಂಬ ಗ್ರೀಸಿನ ಬೆರಳಚ್ಚು, ಪಕ್ಕದಲ್ಲಿ ತಾರೀಖುಗಳು. ನಾವು ತಿದ್ದಿದ ಯಾವ ಉತ್ತರಪತ್ರಿಕೆಯೂ ನಮಗೆ ಅಷ್ಟು ಸಂತೋಷ ಕೊಟ್ಟಿಲ್ಲ.

ವಿದ್ಯಾರ್ಥಿಗಳೇ, ನಮ್ಮ ಶಾಲೆಯ ಸುತ್ತಲಿನ ಹಳ್ಳಿಗಳಲ್ಲೂ ಈಗ ಸಣ್ಣ ಟ್ರ್ಯಾಕ್ಟರುಗಳು ಬಂದಿವೆ. ಬೆಂಗಳೂರಿನ ವಿ.ಎಸ್.ಟಿ. ಸಂಸ್ಥೆ 1967ರಲ್ಲಿ ಜಪಾನಿನ ಮಿತ್ಸುಬಿಷಿ ಕಂಪನಿಯ ಸಹಯೋಗದಲ್ಲಿ ಹುಟ್ಟಿತು. ಅದರ ಟಿಲ್ಲರುಗಳು ನಿಮ್ಮಲ್ಲಿ ಕೆಲವರ ಮನೆಯಲ್ಲೂ ಇರಬಹುದು. ಈ ರಜೆಯಲ್ಲಿ ಮನೆಯ ಯಂತ್ರದ ಪುಸ್ತಕವನ್ನು ಹುಡುಕಿ ತೆಗೆಯಿರಿ. ತಿಳಿಯದ ಪದವಿದ್ದರೆ ನಮ್ಮನ್ನಾಗಲಿ ವಿಜ್ಞಾನದ ಮೇಷ್ಟರನ್ನಾಗಲಿ ಕೇಳಿ. ನಿಮ್ಮ ಅಪ್ಪನಿಗೆ, ದೊಡ್ಡಪ್ಪನಿಗೆ ತಿಳಿಯುವ ಕನ್ನಡದಲ್ಲಿ ಒಂದು ಹಾಳೆ ಬರೆದು ಗೋಡೆಗೆ ಅಂಟಿಸಿ. ಬೆಳಿಗ್ಗೆ ಅವರ ಜೊತೆ ನಿಂತು ಆಯಿಲ್ ಕಡ್ಡಿ ನೋಡಿ. ಹೆಣ್ಣುಮಕ್ಕಳೂ ನೋಡಿ, ಕಡ್ಡಿಯ ಗೆರೆ ಓದಲು ಗಂಡು ಹೆಣ್ಣೆಂಬ ಭೇದವಿಲ್ಲ.

ಕೈ ಕೆಸರಾದರೆ ಬಾಯಿ ಮೊಸರು ಎಂದರು ಹಿರಿಯರು. ಇಂದು ಆ ಕೆಸರಿನ ಜೊತೆಗೆ ಒಂದಿಷ್ಟು ಗ್ರೀಸೂ ಸೇರಿದೆ. ಅದಕ್ಕೆ ನಾಚಬೇಕಾಗಿಲ್ಲ.